ಗ್ರಂಥಪಾಲಕನೂ ಗುರುವೇ

ಕಾಲೇಜಿನಲ್ಲಿ ಪಾಠ ಹೇಳುವವರನ್ನು ಲೋಕವು ಗುರುವೆಂದು ಗೌರವಿಸುವುದು ವಾಡಿಕೆ. ಪುಸ್ತಕಗಳ ನಡುವೆ ಕುಳಿತವನನ್ನು ಮಾತ್ರ ಬೀಗದ ಕೈಯಿಟ್ಟುಕೊಂಡ ಕಾವಲುಗಾರನೆಂದೇ ಬಗೆಯುವುದುಂಟು. ಈ ಭ್ರಾಂತಿಯನ್ನು ತಮ್ಮ ಬಾಳಿನಿಂದಲೇ ಹೋಗಲಾಡಿಸಿದ ಮಹನೀಯರು ಶಿಯಾಳಿ ರಾಮಾಮೃತ ರಂಗನಾಥನ್.

ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಜನಿಸಿದ ಇವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ವ್ಯಾಸಂಗ ಮಾಡಿ ಎಂ.ಎ. ಪದವೀಧರರಾದರು. ನಾಲಿಗೆಯಲ್ಲಿ ತೊದಲಿದ್ದರೂ ಅಧ್ಯಾಪಕವೃತ್ತಿಯಿಂದ ಹಿಮ್ಮೆಟ್ಟಲಿಲ್ಲ. 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಉಪಾಧ್ಯಾಯರಾಗಿ, ತರುವಾಯ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತವನ್ನು ಬೋಧಿಸಿದರು.

1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಅವರು ನೇಮಕಗೊಂಡರು. ವಿದ್ಯಾರ್ಥಿಗಳ ಒಡನಾಟಕ್ಕೆ ಒಗ್ಗಿದ ಮನಸ್ಸಿಗೆ ಆ ಏಕಾಂತವು ಸಹಿಸದೆ, ಕೆಲವೇ ದಿನಗಳಲ್ಲಿ ತಮ್ಮನ್ನು ಅಧ್ಯಾಪನಕ್ಕೇ ಮರಳಿ ಕಳುಹಿಸಬೇಕೆಂದು ಬೇಡಿಕೊಂಡರು. ಅಧಿಕಾರಿಗಳು ಅವರನ್ನು ಗ್ರಂಥಾಲಯಶಾಸ್ತ್ರದ ಅಧ್ಯಯನಕ್ಕಾಗಿ ಲಂಡನ್ನಿಗೆ ಕಳುಹಿಸಿದರು. ಬಳಿಕವೂ ಮನಸ್ಸು ಒಪ್ಪದಿದ್ದರೆ ಹಳೆಯ ವೃತ್ತಿಗೆ ಹಿಂದಿರುಗಬಹುದೆಂದು ತಿಳಿಸಿದರು. ಆದರೆ ಅಲ್ಲಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೂ ಕೂಲಿಗಾರರಿಗೂ ಸಮನಾಗಿ ಸಲ್ಲುತ್ತಿದ್ದ ಸೇವೆಯನ್ನು ಕಣ್ಣಾರೆ ಕಂಡ ಮೇಲೆ ಅವರ ಚಿತ್ತವೃತ್ತಿಯೇ ಬದಲಾಯಿತು. 1925ರಲ್ಲಿ ಅವರು ತಾಯ್ನಾಡಿಗೆ ಮರಳಿದ್ದು ಗ್ರಂಥಪಾಲಕರಾಗಿಯೇ.

ಮದರಾಸಿನಲ್ಲಿ ಅವರು ಪುಸ್ತಕಗಳ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು. ಗ್ರಂಥಾಲಯವು ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. ಇದಕ್ಕಿಂತಲೂ ಹಿರಿದಾದುದು, ಓದುಗನ ಪಕ್ಕದಲ್ಲಿ ನಿಂತು ನೆರವಾಗುವ ಪರಾಮರ್ಶನ ಸೇವೆ. ವಿದ್ಯಾರ್ಥಿಯು ತನಗೆ ಬೇಕಾದುದು ಇಂಥದೆಂದು ಸ್ಪಷ್ಟವಾಗಿ ಹೇಳಲಾರ. ಇತಿಹಾಸದ ಪುಸ್ತಕವೆಂದು ಕೇಳುವವನಿಗೆ ಒಂದು ಕದನದ ಕಾರಣವಷ್ಟೇ ಬೇಕಾಗಿರಬಹುದು. ತಾಳ್ಮೆಯಿಂದ ಮಾತನಾಡಿಸಿ ಅವನ ನಿಜವಾದ ಪ್ರಶ್ನೆಯನ್ನು ಹೊರಗೆಡಹಬೇಕು. ಸೂಚಿಯಲ್ಲಿ ಹುಡುಕುವ ಬಗೆಯನ್ನು ತೋರಿಸಬೇಕು. ಮತ್ತೊಮ್ಮೆ ಬಂದಾಗ ಅವನು ತಾನೇ ಹುಡುಕಿಕೊಳ್ಳುವಂತಾಗಬೇಕು. ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಗ್ರಂಥಾಲಯದ ಬಳಕೆಯಲ್ಲಿ ದೀಕ್ಷೆ ಕೊಡುವುದೂ ಗ್ರಂಥಪಾಲಕನ ಕರ್ತವ್ಯವೆಂದು ಅವರು ಸಾರಿದರು. ಇದು ಅಧ್ಯಾಪನವಲ್ಲದೆ ಮತ್ತೇನು?

1931ರಲ್ಲಿ ಅವರು ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು, ಓದುಗನ ಕಾಲವು ವ್ಯರ್ಥವಾಗಬಾರದು, ಗ್ರಂಥಾಲಯವು ಸದಾ ಬೆಳೆಯುವ ಜೀವಿ ಎಂಬುದೇ ಅವುಗಳ ಸಾರ. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪದ್ಧತಿಯು ಹೊರಬಂದಿತು. ಲಂಡನ್ನಿನ ಅಂಗಡಿಯೊಂದರಲ್ಲಿ ಕೆಲವೇ ಬಿಡಿಭಾಗಗಳನ್ನು ಜೋಡಿಸಿ ಬಗೆಬಗೆಯ ಯಂತ್ರಗಳನ್ನು ಮಾಡುವ ಮೆಕ್ಯಾನೊ ಆಟಿಕೆಯನ್ನು ನೋಡಿದಾಗ ಹೊಳೆದ ಯುಕ್ತಿಯೇ ಅದರ ಮೂಲವಾಗಿತ್ತು.

ಮುಂದೆ ಅವರು ಕಾಶಿ ಮತ್ತು ದೆಹಲಿಯ ವಿಶ್ವವಿದ್ಯಾಲಯಗಳಲ್ಲಿ ಸೇವೆ ಸಲ್ಲಿಸಿ, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದರು. ತಮ್ಮ ಉಳಿತಾಯದಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಪತ್ನಿ ಶಾರದಾ ಅವರ ಹೆಸರನ್ನೂ ಹೊಂದಿದ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ದಾನವಿತ್ತರು. 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರೆಂಬ ಮನ್ನಣೆ ಅವರಿಗೆ ಸಂದಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ದೇಹವಿಟ್ಟರು.

ಆಗಸ್ಟ್ 12ನ್ನು ಅವರ ಜಯಂತಿಯೆಂದು ಎಣಿಸಿ ದೇಶವು ಗ್ರಂಥಪಾಲಕರ ದಿನವನ್ನಾಗಿ ಆಚರಿಸುತ್ತದೆ. ಹಾರತುರಾಯಿಗಳಿಂದ ಆ ಋಣವು ತೀರಲಾರದು. ಕಳೆದ ಪುಸ್ತಕದ ಬೆಲೆಯನ್ನು ಗ್ರಂಥಪಾಲಕನ ಸಂಬಳದಿಂದ ಮುರಿದುಕೊಳ್ಳುವಲ್ಲಿ ಆತನು ಕಪಾಟುಗಳಿಗೆ ಬೀಗ ಹಾಕದೆ ಏನು ಮಾಡಿಯಾನು? ವರ್ಷಾಂತ್ಯದಲ್ಲಿ ಎಷ್ಟು ಪುಸ್ತಕಗಳು ಉಳಿದಿವೆಯೆಂದು ಎಣಿಸುವ ಅಧಿಕಾರಿಗಳು, ಎಷ್ಟು ಪುಸ್ತಕಗಳು ವಿದ್ಯಾರ್ಥಿಗಳ ಕೈಸೇರಿದವೆಂಬುದನ್ನೂ ಎಣಿಸತೊಡಗಿದರೆ, ರಂಗನಾಥನ್ ಅವರ ದುಡಿಮೆಯು ನಮ್ಮ ಕಾಲೇಜುಗಳಲ್ಲಿ ಸಾರ್ಥಕವಾದಂತಾಗುವುದು.