ಗುರುಪೀಠದಿಂದ ವಿದ್ಯಾರ್ಥಿಯ ಬೆಂಚಿಗೆ

1905ನೆಯ ಇಸವಿ ಅಕ್ಟೋಬರ್ ತಿಂಗಳ ಕೊನೆ. ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್ ನಗರವನ್ನು ದಟ್ಟವಾದ ಮಂಜು ಮುಸುಕಿತ್ತು. ಆ ಮಂಜಿನಲ್ಲಿ ಅಧ್ಯಾಪಕರೊಬ್ಬರು ವಿಶ್ವವಿದ್ಯಾಲಯದ ಕಡೆಗೆ ನಡೆದಿದ್ದರು. ಪಾಠ ಹೇಳುವುದಕ್ಕಲ್ಲ, ಕೇಳುವುದಕ್ಕೆ. ಅಂದು ಅಂಗರಚನಾಶಾಸ್ತ್ರದ ಮೊದಲನೆಯ ಪಾಠ. ತಮಗಿಂತ ಹತ್ತು ವರ್ಷ ಕಿರಿಯರಾದ ಹುಡುಗರ ನಡುವೆ ಹೋಗಿ ಕುಳಿತ ಆ ಅಧ್ಯಾಪಕರೇ ಆಲ್ಬರ್ಟ್ ಶ್ವೈಟ್ಸರ್.

ಅವರಿಗೆ ಆಗ ಮೂವತ್ತು ವರ್ಷ. ಈ ವಯಸ್ಸು ನಡುವಯಸ್ಸೆಂದು ನಮಗೆ ತೋರದಿರಬಹುದು. ಆದರೆ ಅಷ್ಟರೊಳಗೆ ಒಂದು ಜೀವಮಾನಕ್ಕೆ ಸಾಲುವಷ್ಟನ್ನು ಅವರು ಸಾಧಿಸಿದ್ದರು. ಆಲ್ಸೇಸ್ ಪ್ರಾಂತದ ಕೈಸರ್ಸ್‌ಬರ್ಗಿನಲ್ಲಿ 1875ರ ಜನವರಿ 14ರಂದು ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವರು, ಕಾಂಟನ ಧರ್ಮವಿಚಾರವನ್ನು ಕುರಿತ ಪ್ರಬಂಧಕ್ಕೆ 1899ರಲ್ಲಿ ಡಾಕ್ಟರ್ ಪದವಿ ಪಡೆದರು. ಸಂತ ನಿಕೊಲಸ್ ಚರ್ಚಿನಲ್ಲಿ ಉಪದೇಶಕರಾದರು. ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ಅಧ್ಯಾಪಕರಾದರು. 1903ರಲ್ಲಿ ದೇವತಾಶಾಸ್ತ್ರ ವಿದ್ಯಾರ್ಥಿಗಳ ನಿಲಯಕ್ಕೆ ಮುಖ್ಯಸ್ಥರೂ ಆದರು. ಪ್ಯಾರಿಸಿನ ವಿಡೋರ್ ಅವರಲ್ಲಿ ಕಲಿತ ಆರ್ಗನ್ ವಾದನದಿಂದ ಹೆಸರು ಗಳಿಸಿದ್ದರು. ಸಂಗೀತಕಾರ ಬಾಕ್‌ನನ್ನು ಕುರಿತು ಅವರು ಫ್ರೆಂಚಿನಲ್ಲಿ ಬರೆದ ಗ್ರಂಥ ಅದೇ 1905ರಲ್ಲಿ ಹೊರಬಂದಿತ್ತು.

ಇಷ್ಟಿದ್ದೂ ವೈದ್ಯಶಾಲೆಯ ಬಾಗಿಲು ತಟ್ಟಿದ್ದೇಕೆ? 1896ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿಯೇ, ಅವರು ಒಂದು ಸಂಕಲ್ಪ ಮಾಡಿಕೊಂಡಿದ್ದರು: ಮೂವತ್ತರವರೆಗೆ ವಿದ್ಯೆಗೂ ಕಲೆಗೂ ಬಾಳುವುದು, ಅನಂತರ ಮನುಷ್ಯರ ನೇರವಾದ ಸೇವೆಗೆ ಸಲ್ಲುವುದು. ಆ ಸೇವೆಯ ರೂಪ ಮಾತ್ರ ಬಹುಕಾಲ ತಿಳಿದಿರಲಿಲ್ಲ. 1904ರ ಶರತ್ಕಾಲದಲ್ಲಿ ಪ್ಯಾರಿಸ್ ಮಿಷನರಿ ಸಂಘದ ಪತ್ರಿಕೆಯೊಂದು ಮೇಜಿನ ಮೇಲೆ ಅವರ ಕೈಗೆ ಸಿಕ್ಕಿತು. ಆಫ್ರಿಕದ ಗಬಾನ್ ಪ್ರದೇಶದಲ್ಲಿ ಕೆಲಸಕ್ಕೆ ಜನವಿಲ್ಲವೆಂಬ ಲೇಖನ ಅದರಲ್ಲಿತ್ತು. ಓದಿ ಮುಗಿಸುವ ಹೊತ್ತಿಗೆ ಅವರ ಹುಡುಕಾಟವೂ ಮುಗಿದಿತ್ತು. ವರ್ಷಗಟ್ಟಲೆ ಮಾತಿನಿಂದಲೇ ದುಡಿದವರಿಗೆ ಇನ್ನು ಮಾತಿಲ್ಲದೆ ಕೈಯಿಂದ ದುಡಿಯಬೇಕೆನಿಸಿತು. ವೈದ್ಯನಿಗೆ ಉಪದೇಶ ಬೇಕಾಗಿಲ್ಲವಷ್ಟೆ!

ಅಕ್ಟೋಬರ್ 13ರಂದು ಪ್ಯಾರಿಸಿನ ಅಂಚೆಪೆಟ್ಟಿಗೆಯೊಂದರಲ್ಲಿ ಅವರು ಹಾಕಿದ ಕಾಗದಗಳು ತಂದೆತಾಯಿಗಳಿಗೂ ಆಪ್ತರಿಗೂ ಈ ಸುದ್ದಿಯನ್ನು ಮುಟ್ಟಿಸಿದವು. ಮೆಚ್ಚಿದವರು ವಿರಳ. ಗುರುಗಳಾದ ವಿಡೋರ್ ಅವರು ಗದರಿಸಿದರು. ಕೀರ್ತಿ ಬೇಗ ಬರಲಿಲ್ಲವೆಂಬ ಬೇಸರದಿಂದ ಹೀಗೆ ಮಾಡುತ್ತಿದ್ದಾರೆಂದು ಊಹಿಸಿದವರೂ ಉಂಟು. ಪ್ರವೇಶಕ್ಕಾಗಿ ಕಾಣಲು ಹೋದಾಗ ವೈದ್ಯವಿಭಾಗದ ಡೀನರಿಗೆ, ಇವರನ್ನು ಮನೋರೋಗದ ಪ್ರಾಧ್ಯಾಪಕರ ವಶಕ್ಕೆ ಒಪ್ಪಿಸುವುದೇ ಲೇಸೆಂದು ತೋರಿತಂತೆ.

ನಿಯಮದ ತೊಡಕೂ ಎದುರಾಯಿತು. ಬೋಧಕವರ್ಗಕ್ಕೆ ಸೇರಿದವರು ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸುವಂತಿಲ್ಲ. ನೋಂದಾಯಿಸದೆ ಬರಿಯ ಕೇಳುಗನಾಗಿ ಬಂದರೆ ಪರೀಕ್ಷೆಗೆ ಕೂಡುವಂತಿಲ್ಲ. ಕೊನೆಗೆ ಸರಕಾರವೇ ದಾರಿ ತೋರಿತು: ಪಾಠಗಳಿಗೆ ಹಾಜರಾದುದಕ್ಕೆ ವೈದ್ಯ ಪ್ರಾಧ್ಯಾಪಕರು ಕೊಡುವ ಪತ್ರಗಳ ಬಲದ ಮೇಲೆ ಪರೀಕ್ಷೆಗೆ ಕೂಡಬಹುದು. ಪ್ರಾಧ್ಯಾಪಕರೂ ಸಹೋದ್ಯೋಗಿಯೆಂದು ತಮ್ಮ ಪಾಠಗಳಿಗೆ ಶುಲ್ಕ ಬಿಟ್ಟುಕೊಟ್ಟರು.

ಮುಂದಿನ ವರ್ಷಗಳು ಆಯಾಸದೊಡನೆ ನಡೆದ ಹೋರಾಟ. ಹಳೆಯ ಕೆಲಸಗಳು ಒಮ್ಮೆಗೇ ಬಿಟ್ಟುಹೋಗಲಿಲ್ಲ. ದೇವತಾಶಾಸ್ತ್ರದ ಪಾಠ, ಚರ್ಚಿನ ಉಪದೇಶ, ಪ್ಯಾರಿಸಿನ ಬಾಕ್ ಸಂಘದ ಕಚೇರಿಗಳಿಗೆ ರೈಲಿನಲ್ಲಿ ಓಡಾಟ, ಬಾಕ್ ಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ಹಿಗ್ಗಿಸಿ ಬರೆಯುವ ಕೆಲಸ ಇವೆಲ್ಲವೂ ಜೊತೆಗೇ ಸಾಗಿದವು. ವಿದ್ಯಾರ್ಥಿನಿಲಯದ ಹುದ್ದೆಯನ್ನು ಮಾತ್ರ 1906ರಲ್ಲಿ ತೊರೆದರು. ಹುದ್ದೆಯೊಡನೆ ಬಿಡಾರವೂ ಹೋಯಿತು. ಹಿತೈಷಿಯೊಬ್ಬರು ಕೊಟ್ಟ ಅಟ್ಟದ ಮೇಲಿನ ನಾಲ್ಕು ಚಿಕ್ಕ ಕೋಣೆಗಳೇ ನೆಲೆಯಾದವು.

1908ರ ಮೇ ತಿಂಗಳಲ್ಲಿ ಮೊದಲ ಘಟ್ಟದ ಪರೀಕ್ಷೆ ಬಂತು. ಇಪ್ಪತ್ತರ ವಯಸ್ಸಿನ ನೆನಪಿನ ಶಕ್ತಿ ಈಗ ಇರಲಿಲ್ಲ. ಪರೀಕ್ಷೆಗೆಂದು ಉರುಹೊಡೆಯುವುದು ಅವರ ಮನಸ್ಸಿಗೆ ಒಗ್ಗದ ಕೆಲಸ. ಸಹಪಾಠಿಗಳಾದ ಹುಡುಗರೇ ಒತ್ತಾಯಮಾಡಿ ಅವರನ್ನು ತಮ್ಮ ಕೂಟಕ್ಕೆ ಸೇರಿಸಿಕೊಂಡರು. ಯಾವ ಪ್ರಾಧ್ಯಾಪಕರು ಯಾವ ಪ್ರಶ್ನೆ ಕೇಳುವುದು ವಾಡಿಕೆ, ಅದಕ್ಕೆ ಎಂಥ ಉತ್ತರ ಅವರಿಗೆ ಪ್ರಿಯ ಎಂಬುದೇ ಅಲ್ಲಿಯ ಪಠ್ಯ. ಇತರರನ್ನು ಪರೀಕ್ಷಿಸಬಲ್ಲ ಪಂಡಿತರು ಹುಡುಗರಿಂದ ಪರೀಕ್ಷೆಯ ಗುಟ್ಟನ್ನು ಕಲಿತರು, ತೇರ್ಗಡೆಯೂ ಆದರು.

ಈ ವ್ಯಾಸಂಗ ಅವರಿಗೆ ಬರಿಯ ಕಷ್ಟವಾಗಿರಲಿಲ್ಲ. ದರ್ಶನದಲ್ಲಿ, ಇತಿಹಾಸದಲ್ಲಿ ವಾದಚತುರರು ಸತ್ಯವನ್ನು ತಮ್ಮ ಕಡೆಗೆ ಬಾಗಿಸುವುದನ್ನು ಅವರು ಕಂಡಿದ್ದರು. ಇಲ್ಲಿ ಪ್ರತಿಯೊಂದು ಮಾತಿಗೂ ವಸ್ತುವಿನ ಸಾಕ್ಷ್ಯ ಬೇಕು. ಆ ಶಿಸ್ತು ತಮ್ಮ ಚಿಂತನೆಗೆ ಬೇಕಾಗಿತ್ತೆಂದು ಅವರಿಗೆ ಮನವರಿಕೆಯಾಯಿತು. ಹಳೆಯ ವಿದ್ಯೆಯೂ ಹೊಸ ವಿದ್ಯೆಗೆ ಊರುಗೋಲಾಯಿತು: ಕೊನೆಯ ಪರೀಕ್ಷೆಯ ಶುಲ್ಕವನ್ನು ಅವರು ತೆತ್ತದ್ದು ಮ್ಯೂನಿಕ್ಕಿನ ಸಂಗೀತೋತ್ಸವದಲ್ಲಿ ಆರ್ಗನ್ ನುಡಿಸಿ ಬಂದ ಹಣದಿಂದ. ಡಿಸೆಂಬರಿನ ಒಂದು ಸಂಜೆ ಶಸ್ತ್ರವೈದ್ಯದ ಪರೀಕ್ಷೆ ಮುಗಿಸಿ ಆಸ್ಪತ್ರೆಯಿಂದ ಕತ್ತಲೆಗೆ ಹೊರಬಂದಾಗ, ಈ ದೀರ್ಘಶ್ರಮ ಮುಗಿಯಿತೆಂಬುದನ್ನು ನಂಬುವುದೇ ಅವರಿಗೆ ಕಷ್ಟವಾಯಿತು.

1912ರಲ್ಲಿ ಪ್ಯಾರಿಸಿನಲ್ಲಿ ಉಷ್ಣದೇಶಗಳ ರೋಗಗಳನ್ನು ಅಭ್ಯಾಸಮಾಡಿದರು. ಅದೇ ಜೂನ್ ತಿಂಗಳಲ್ಲಿ ಹೆಲೆನ್ ಬ್ರೆಸ್ಲೌ ಅವರನ್ನು ವಿವಾಹವಾದರು. ಆಕೆಯೂ ದಾದಿಯ ಶಿಕ್ಷಣ ಪಡೆದಿದ್ದರು. ಪರಿಚಿತರ ಮನೆಬಾಗಿಲುಗಳಿಗೆ ಅಲೆದು ಹಣ ಕೂಡಿಸಿದರು. ಅವರ ಧಾರ್ಮಿಕ ವಿಚಾರಗಳನ್ನು ಶಂಕಿಸಿದ ಮಿಷನರಿ ಸಂಘಕ್ಕೆ, ವೈದ್ಯನಾಗಿರುವೆನೇ ಹೊರತು ಉಪದೇಶ ಮಾಡುವುದಿಲ್ಲವೆಂದು ಮಾತುಕೊಟ್ಟರು. 1913ರ ಏಪ್ರಿಲ್‌ನಲ್ಲಿ ದಂಪತಿಗಳು ಲಾಂಬರೆನೆ ತಲಪಿದರು. ಅಲ್ಲಿ ಅವರ ಮೊದಲ ಚಿಕಿತ್ಸಾಲಯ ಒಂದು ಹಳೆಯ ಕೋಳಿಗೂಡು. ಅವರಿಗೆ ಆಗ ಮೂವತ್ತೆಂಟು ವರ್ಷ.

ಮುಂದಿನ ಕಥೆ ಲೋಕವಿದಿತ. 1952ರ ನೊಬೆಲ್ ಶಾಂತಿ ಪಾರಿತೋಷಕ ಅವರಿಗೆ ಸಂದಿತು. ಆಫ್ರಿಕದ ಜನರನ್ನು ಅವರು ಸಮಾನರಂತೆ ಕಾಣದೆ ಹಿರಿಯಣ್ಣನ ಠೀವಿಯಿಂದ ಕಂಡರೆಂಬ ಆಕ್ಷೇಪವೂ ಉಂಟು, ಅದು ನಿರಾಧಾರವಲ್ಲ. 1965ರ ಸೆಪ್ಟೆಂಬರ್ 4ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಲಾಂಬರೆನೆಯಲ್ಲಿಯೇ ತೀರಿಕೊಂಡರು.

ಬಿಟ್ಟೆನೆಂದುಕೊಂಡಿದ್ದ ಸಂಗೀತವೂ ಅವರನ್ನು ಬಿಡಲಿಲ್ಲ. ಪ್ಯಾರಿಸಿನ ಬಾಕ್ ಸಂಘ ಕೊಟ್ಟಿದ್ದ, ಆರ್ಗನ್ನಿನ ಕಾಲ್ಮಣೆಗಳನ್ನು ಜೋಡಿಸಿದ ಪಿಯಾನೊ ಆ ಕಾಡಿನಲ್ಲಿ ಬಿಡುವಿನ ವೇಳೆಗಳಲ್ಲಿ ನುಡಿಯುತ್ತಿತ್ತು. ಸಾಧಕರ ಚರಿತ್ರೆಯಲ್ಲಿ ನಾವು ತ್ಯಾಗವನ್ನೇ ಹಿಡಿದು ಕೊಂಡಾಡುತ್ತೇವೆ. ಆದರೆ ಬಲ್ಲವನೆಂದು ಹೆಸರಾದವನು ಮತ್ತೆ ಅರಿಯದವನಾಗಿ ಬೆಂಚಿನ ಮೇಲೆ ಕುಳಿತ ಆ ಮಂಜಿನ ದಿನ ಕೋಳಿಗೂಡಿನ ಚಿಕಿತ್ಸಾಲಯಕ್ಕಿಂತ ಕಡಮೆಯದಲ್ಲ. ಪಾಠ ಹೇಳುವ ನಮ್ಮಂಥವರು ಅದನ್ನು ಆಗಾಗ ನೆನೆಯುವುದು ಒಳ್ಳೆಯದು.