ಜಾರ್ಜ್ ಬೂಲ್: ಗ್ರಂಥವೇ ಗುರುವಾದ ಬಗೆ

ಇಂಗ್ಲೆಂಡಿನ ಲಿಂಕನ್ ನಗರದಲ್ಲಿ 1815ನೆಯ ಇಸವಿ ನವೆಂಬರ್ 2ರಂದು ಜಾರ್ಜ್ ಬೂಲನು ಜನಿಸಿದನು. ತಂದೆ ಜಾನ್ ಬೂಲ್ ಪಾದರಕ್ಷೆಗಳನ್ನು ಮಾಡಿ ಜೀವಿಸುವ ಕಾಯಕದವನು. ಆದರೆ ಆತನ ಮನಸ್ಸು ಅಂಗಡಿಯ ಚರ್ಮ ಮತ್ತು ಉಳಿಗಳಿಗಿಂತ ಹೆಚ್ಚಾಗಿ ಮಸೂರಗಳಲ್ಲಿಯೂ ಗಣಿತದಲ್ಲಿಯೂ ನೆಲೆಸಿತ್ತು. ತಾನೇ ದೂರದರ್ಶಕವನ್ನು ರಚಿಸಿ, ಭಕ್ತಿಭಾವದಿಂದ ದೇವರ ಸೃಷ್ಟಿಯನ್ನು ನೋಡಬಯಸುವವರೆಲ್ಲ ಒಳಗೆ ಬರಬಹುದೆಂದು ಅಂಗಡಿಯ ಕಿಟಕಿಯಲ್ಲಿ ಪ್ರಕಟಣೆ ಹಾಕಿದ್ದನಂತೆ. ಇಂಥವನ ವ್ಯಾಪಾರ ಕುದುರದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಇಂಥವನ ಮಗ ವಿದ್ಯೆಗೆ ಹಂಬಲಿಸಿದುದರಲ್ಲಿಯೂ ಆಶ್ಚರ್ಯವಿಲ್ಲ.

ಬಾಲಕನಿಗೆ ಮೊದಲು ಒಲಿದುದು ಭಾಷೆ. ಊರಿನ ಪುಸ್ತಕ ವ್ಯಾಪಾರಿಯೊಬ್ಬನಿಂದ ಲ್ಯಾಟಿನ್ ಕಲಿತನು. ಗ್ರೀಕ್ ಭಾಷೆಯನ್ನು ತಾನಾಗಿಯೇ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಮಾಡಿದ ಗ್ರೀಕ್ ಕವಿತೆಯೊಂದರ ಅನುವಾದವು 1830ರಲ್ಲಿ ಊರಿನ ಪತ್ರಿಕೆಯಲ್ಲಿ ಪ್ರಕಟವಾದಾಗ, ಇಷ್ಟು ಚಿಕ್ಕ ಹುಡುಗನಿಂದ ಇದು ಸಾಧ್ಯವಿಲ್ಲವೆಂದು ಉಪಾಧ್ಯಾಯರೊಬ್ಬರು ಸಂಶಯಪಟ್ಟು ಬರೆದರು. ಮರುವರ್ಷವೇ ತಂದೆಯ ವ್ಯಾಪಾರ ಮುಳುಗಿತು. ಹದಿನಾರು ತುಂಬುವ ಮೊದಲೇ ಜಾರ್ಜನು ಡಾಂಕಾಸ್ಟರ್ ಎಂಬ ಊರಿನ ಶಾಲೆಯೊಂದರಲ್ಲಿ ಸಹಾಯಕ ಉಪಾಧ್ಯಾಯನಾಗಿ, ತಂದೆತಾಯಿಗಳ ಮತ್ತು ಒಡಹುಟ್ಟಿದವರ ಭಾರವನ್ನು ಹೊತ್ತನು.

ಗಣಿತದ ಕಡೆಗೆ ಅವನು ಹೊರಳಿದ ಕಾರಣವು ಕೇಳುವವರಿಗೆ ವಿನೋದವಾಗಿ ತೋರಬಹುದು. ಕೈಯಲ್ಲಿದ್ದ ಹಣ ಅತ್ಯಲ್ಪ. ಕಾವ್ಯವನ್ನೋ ಕಥೆಯನ್ನೋ ಕೊಂಡರೆ ಕೆಲವೇ ದಿನಗಳಲ್ಲಿ ಓದಿ ಮುಗಿಯುತ್ತಿತ್ತು. ಗಣಿತದ ಪುಸ್ತಕವಾದರೋ ತಿಂಗಳುಗಟ್ಟಲೆ ಬಾಳುತ್ತಿತ್ತು. ತೆತ್ತ ಬೆಲೆಗೆ ಹೆಚ್ಚು ಕಾಲದ ಓದು ದೊರೆಯುವುದೆಂದೇ ಅವನು ಗಣಿತವನ್ನು ಆರಿಸಿಕೊಂಡನೆಂದು ಹೇಳುತ್ತಾರೆ. ಭಾನುವಾರದ ಪ್ರಾರ್ಥನೆಯ ವೇಳೆಯಲ್ಲಿಯೂ ಮನಸ್ಸಿನಲ್ಲಿ ಲೆಕ್ಕ ಮಾಡುತ್ತಿದ್ದನೆಂಬ ದೂರು ಹುಟ್ಟಿ, 1833ರಲ್ಲಿ ಆ ಕೆಲಸವೂ ಕೈಬಿಟ್ಟಿತು.

ಅವನ ಕೈಗೆ ಬಂದ ಮೊದಲ ಉನ್ನತ ಗಣಿತಗ್ರಂಥವು ಫ್ರೆಂಚ್ ಪಂಡಿತ ಲಾಕ್ರ್ವಾ ರಚಿಸಿದ ಕಲನಶಾಸ್ತ್ರ. ಲಿಂಕನ್ನಿನ ಪಾದ್ರಿ ಡಿಕ್ಸನ್ ಅದನ್ನು ಅವನಿಗೆ ಕೊಟ್ಟರು. ಬೂಲನು ಅದನ್ನು ಆರಿಸಿದನೆನ್ನುವುದಕ್ಕಿಂತ ಅದೇ ಅವನನ್ನು ಆರಿಸಿತೆನ್ನುವುದು ಸರಿ. ಗ್ರಂಥವೇನೂ ಸಾಮಾನ್ಯವಾದುದಲ್ಲ. ನ್ಯೂಟನ್ನನ ಚುಕ್ಕೆಯ ಸಂಕೇತಗಳನ್ನೇ ಹಿಡಿದು ಕುಳಿತಿದ್ದ ಕೇಂಬ್ರಿಜ್ಜಿನವರಿಗೆ ಯೂರೋಪಿನ ಹೊಸ ಗಣಿತವನ್ನು ಕಲಿಸಲೆಂದು ಬ್ಯಾಬೇಜ್, ಹರ್ಷೆಲ್, ಪೀಕಾಕ್ ಎಂಬ ಮೂವರು 1816ರಲ್ಲಿ ಇಂಗ್ಲಿಷಿಗೆ ತಂದುದು ಲಾಕ್ರ್ವಾನ ಕಿರಿಯ ಗ್ರಂಥವನ್ನೇ. ಆದರೆ ಪಾಠಶಾಲೆಯಲ್ಲಿ ಗುರುವಿನೆದುರು ಕುಳಿತು ಓದುವವನಿಗೆ ಹಿತವಾದ ಪುಸ್ತಕವು, ರಾತ್ರಿ ದೀಪದ ಮುಂದೆ ಒಬ್ಬನೇ ಕುಳಿತು ಓದುವವನಿಗೂ ಹಿತವಾಗಬೇಕೆಂಬ ನಿಯಮವಿಲ್ಲ. ಎಲ್ಲಿ ತಪ್ಪುತ್ತಿದ್ದೇನೆಂದು ಹೇಳುವವರಿಲ್ಲ; ಈ ಪುಟವನ್ನು ಈಗ ಬಿಟ್ಟು ಮುಂದೆ ಹೋಗು, ಆಮೇಲೆ ತಿಳಿಯುತ್ತದೆ ಎನ್ನುವವರಿಲ್ಲ. ಒಂದೊಂದು ಪುಟವನ್ನೂ ಗೆದ್ದಲ್ಲದೆ ಬಿಡಲೊಲ್ಲದ ಹಟದಿಂದ ಅವನು ವರ್ಷಗಳನ್ನು ಕಳೆದನು. ಬಲ್ಲ ಗುರುವಿದ್ದಿದ್ದರೆ ಹೆಚ್ಚುಕಡಿಮೆ ಐದು ವರ್ಷ ಉಳಿಯುತ್ತಿದ್ದಿತೆಂದು ಆತನಿಗೇ ಮುಂದೆ ಅನಿಸಿತು. ಹದಿನೆಂಟರಿಂದ ಇಪ್ಪತ್ತಮೂರರವರೆಗಿನ ಐದು ವರ್ಷವೆಂದರೆ ಗಣಿತಜ್ಞನ ಬಾಳಿನಲ್ಲಿ ಎಂಥ ನಷ್ಟವೆಂಬುದನ್ನು ಓದುಗರೇ ಊಹಿಸಬಹುದು.

ಹತ್ತೊಂಬತ್ತನೆಯ ವಯಸ್ಸಿಗೆ ಲಿಂಕನ್ನಿನಲ್ಲಿ ಸ್ವಂತ ಶಾಲೆ ತೆರೆದನು. ಹಗಲು ಮಕ್ಕಳಿಗೆ ಪಾಠ, ರಾತ್ರಿ ತನ್ನ ಓದು. ಊರಿನಲ್ಲಿ ಕುಶಲಕರ್ಮಿಗಳ ವಿದ್ಯಾಸಂಸ್ಥೆಯೊಂದು ಸ್ಥಾಪನೆಯಾಗಿತ್ತು. ಅದರ ಮೂಲಕ ಪರಿಚಿತರಾದ ಎಡ್ವರ್ಡ್ ಬ್ರಾಮ್‌ಹೆಡ್ ಎಂಬ ಶ್ರೀಮಂತರು ಅವನಿಗೆ ಗಣಿತಗ್ರಂಥಗಳನ್ನು ಒದಗಿಸಿದರು. ನಾಟಿಂಗ್‌ಹ್ಯಾಮಿನಲ್ಲಿ ಗಾಳಿಗಿರಣಿ ನಡೆಸುತ್ತಲೇ ಗಣಿತವನ್ನು ಸಾಧಿಸಿದ ಜಾರ್ಜ್ ಗ್ರೀನನಿಗೆ ಬೆಂಬಲವಾಗಿ ನಿಂತವರೂ ಇವರೇ. ಲಗ್ರಾಂಜ್, ಲಾಪ್ಲಾಸ್ ಮೊದಲಾದ ಮಹಾಪಂಡಿತರ ಕೃತಿಗಳನ್ನು ಬೂಲನು ಹೀಗೆ ಒಂದೊಂದಾಗಿ ಅರಗಿಸಿಕೊಂಡನು. ಕೇಂಬ್ರಿಜ್ಜಿಗೆ ಹೋಗಿ ಕ್ರಮವಾಗಿ ಓದುವ ಆಸೆ ಒಮ್ಮೆ ಚಿಗುರಿತು. ಆದರೆ ಮನೆಯವರ ಹೊಟ್ಟೆಪಾಡು ಅದಕ್ಕೆ ಅವಕಾಶ ಕೊಡಲಿಲ್ಲ. ಅಲ್ಲಿನ ಗಣಿತ ಪತ್ರಿಕೆಯ ಸಂಪಾದಕ ಡಂಕನ್ ಗ್ರೆಗೊರಿ ಮಾತ್ರ ಈ ಅಪರಿಚಿತ ಉಪಾಧ್ಯಾಯನ ಲೇಖನಗಳನ್ನು ಆದರದಿಂದ ಪ್ರಕಟಿಸಿ, ಗುರುವಿನ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿದನು.

ಬೂಲನ ಮನಸ್ಸನ್ನು ವಿಶೇಷವಾಗಿ ಹಿಡಿದುದು ಅವಕಲ ಸಮೀಕರಣಗಳು. ಬದಲಾಗುವ ವಸ್ತುವಿನ ಪ್ರಮಾಣ ನೇರವಾಗಿ ತಿಳಿಯದಿದ್ದರೂ ಅದು ಬದಲಾಗುವ ವೇಗದ ನಿಯಮ ತಿಳಿದಿರುವುದುಂಟು. ಒಲೆಯಿಂದ ಇಳಿಸಿದ ಹಾಲು ಸುತ್ತಣ ಗಾಳಿಗಿಂತ ಎಷ್ಟು ಬಿಸಿಯಾಗಿರುವುದೋ ಅದಕ್ಕೆ ತಕ್ಕ ವೇಗದಲ್ಲಿ ಆರುತ್ತದೆ. ಈ ನಿಯಮದಿಂದ ಹೊರಟು, ಇನ್ನು ಅರ್ಧ ಗಂಟೆಗೆ ಹಾಲು ಎಷ್ಟು ಬಿಸಿಯಾಗಿರುವುದೆಂದು ಹೇಳುವುದೇ ಅಂಥ ಸಮೀಕರಣವನ್ನು ಬಿಡಿಸುವುದು. ಗ್ರಹಗಳ ಗತಿ, ತಂತಿಯ ಕಂಪನ ಎಲ್ಲಕ್ಕೂ ಇದೇ ದಾರಿ. ಆದರೆ ಪ್ರತಿಯೊಂದು ಬಗೆಯ ಸಮೀಕರಣಕ್ಕೂ ಪ್ರತ್ಯೇಕ ಯುಕ್ತಿ ಬೇಕಾಗುವುದರಿಂದ, ಕಲಿಯುವವನಿಗೆ ಶಾಸ್ತ್ರವು ಬೀಗದ ಕೈಗಳ ಗೊಂಚಲಿನಂತೆ ಕಾಣುತ್ತದೆ.

ಅವಕಲನ ಕ್ರಿಯೆಯನ್ನೇ ಡಿ ಎಂಬ ಒಂದು ಸಂಕೇತವಾಗಿಸಿ, ಅದನ್ನು ಬೀಜಗಣಿತದ ಅಕ್ಷರದಂತೆ ನಡೆಸಿಕೊಳ್ಳುವ ಮಾರ್ಗವು ಗ್ರೆಗೊರಿ ಮೊದಲಾದವರಿಗೆ ತಿಳಿದಿತ್ತು. ಒಂದು ರಾಶಿಯ ಎರಡನೆಯ ಅವಕಲನದಿಂದ ಮೊದಲನೆಯದರ 3ರಷ್ಟನ್ನು ಕಳೆದು, ಆ ರಾಶಿಯ 2ರಷ್ಟನ್ನು ಕೂಡಿಸಿದರೆ ಶೂನ್ಯವಾಗುವುದೆಂದು ಭಾವಿಸೋಣ. ಪ್ರೌಢಶಾಲೆಯ ವಿದ್ಯಾರ್ಥಿಯು ವರ್ಗಸಮೀಕರಣವನ್ನು ಅಪವರ್ತಿಸುವಂತೆಯೇ ಇದನ್ನು ಅಪವರ್ತಿಸಿದರೆ 1 ಮತ್ತು 2 ಎಂಬ ಮೂಲಗಳು ದೊರೆತು, ಕಠಿನವಾದ ಒಂದು ಸಮೀಕರಣವು ಸುಲಭವಾದ ಎರಡಾಗಿ ಒಡೆಯುತ್ತದೆ. ಗುಣಕಗಳು ಸ್ಥಿರಸಂಖ್ಯೆಗಳಾಗಿರದೆ ತಾವೂ ಬದಲಾಗುವಾಗ ಈ ಉಪಾಯ ನೇರವಾಗಿ ನಡೆಯದು. ಅಲ್ಲಿಗೂ ಈ ಮಾರ್ಗವನ್ನು ವಿಸ್ತರಿಸಿದ ಬೂಲನ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿಯು 1844ರಲ್ಲಿ ಪ್ರಕಟಿಸಿ, ಅದಕ್ಕಾಗಿ ಸುವರ್ಣ ಪದಕವನ್ನಿತ್ತು ಗೌರವಿಸಿತು. ಸಂಕೇತಗಳು ಸಂಖ್ಯೆಗಳನ್ನೇ ಸೂಚಿಸಬೇಕಾಗಿಲ್ಲವೆಂಬ ಈ ಅರಿವೇ ಅವನನ್ನು ತರ್ಕಶಾಸ್ತ್ರಕ್ಕೂ ಕೊಂಡೊಯ್ದಿತು. 1847ರಲ್ಲಿಯೂ 1854ರಲ್ಲಿಯೂ ಅವನು ಬರೆದ ತರ್ಕಗ್ರಂಥಗಳ ಬೀಜಗಣಿತವು ಮುಂದೆ ಗಣಕಯಂತ್ರಗಳ ವಿದ್ಯುನ್ಮಂಡಲಗಳಿಗೆ ಆಧಾರವಾದ ಸಂಗತಿ ಸರ್ವವಿದಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದ ಈತನನ್ನು 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜು ತನ್ನ ಪ್ರಥಮ ಗಣಿತ ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಅಲ್ಲಿಯೇ ಮೇರಿ ಎವರೆಸ್ಟಳ ಪರಿಚಯವಾಗಿ, 1855ರಲ್ಲಿ ವಿವಾಹವಾಯಿತು. ಆಕೆ ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟನ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗಳು. ಶ್ರೀರಂಗಪಟ್ಟಣದ ಪತನದ ತರುವಾಯ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ಲ್ಯಾಂಬ್ಟನ್ನನ ಕೈಕೆಳಗೆ ದುಡಿದು, ಅವನ ಭೂಮಾಪನ ಕಾರ್ಯವನ್ನು ಮುಂದುವರಿಸಿದವನೇ ಈ ಎವರೆಸ್ಟ್. ಮೇರಿಯು ಮೊದಲು ಬೂಲನ ಶಿಷ್ಯೆ, ಆಮೇಲೆ ಪತ್ನಿ.

1859ರಲ್ಲಿ ಬೂಲನ ಅವಕಲ ಸಮೀಕರಣಗಳ ಗ್ರಂಥವು ಹೊರಬಂದಿತು. ಲಿಂಕನ್ನಿನಲ್ಲಿ ಏಕಾಂಗಿಯಾಗಿ ತೊಳಲಿದ ಆ ಯುವಕನಿಗೆ ಇದೇ ದೊರೆತಿದ್ದರೆ ಎಂಬ ಭಾವನೆ ಅದರ ರಚನೆಯನ್ನು ನೋಡಿದವರಿಗೆ ಬಾರದಿರದು. ಈ ವಿಷಯವನ್ನು ಹಿಂದೆ ಕಂಡೇ ಇಲ್ಲದವನೇ ತನ್ನ ಮೊದಲ ಓದುಗನೆಂದು ಅವನು ಮುನ್ನುಡಿಯಲ್ಲಿ ಸ್ಪಷ್ಟಪಡಿಸಿದನು. ಪ್ರತಿಯೊಂದು ಅಧ್ಯಾಯದ ಮೊದಲ ಭಾಗಗಳನ್ನು ಹೊಸಬನಿಗಾಗಿ ಮೀಸಲಿಟ್ಟು, ಹೊಸ ಶೋಧನೆಗಳನ್ನೂ ಆಳವಾದ ಪ್ರಶ್ನೆಗಳನ್ನೂ ಕೊನೆಯ ಭಾಗಗಳಿಗೆ ಸರಿಸಿದನು. ಎಲ್ಲಿ ನಿಲ್ಲಬಹುದು, ಏನನ್ನು ಮುಂದಕ್ಕೆ ಬಿಡಬಹುದು ಎಂಬುದನ್ನು ಗುರುವಿನ ಸ್ಥಾನದಲ್ಲಿ ನಿಂತು ಪುಸ್ತಕವೇ ಹೇಳುವಂತಾಯಿತು. ಅಭ್ಯಾಸಕ್ಕೆಂದು ಲೆಕ್ಕಗಳನ್ನೂ ಕೊಟ್ಟನು. ಬರೆಯುತ್ತಿದ್ದಾಗ ಮೇರಿಯು ವಿದ್ಯಾರ್ಥಿನಿಯಾಗಿ ಹಾಳೆಗಳನ್ನು ಓದಿ, ಕಲಿಯುವವರಿಗೆ ತೊಡಕಾಗುವ ಎಡೆಗಳನ್ನು ತೋರಿಸಿಕೊಡುತ್ತಿದ್ದಳು. ಪಂಡಿತನೊಬ್ಬನು ತನ್ನ ಬರಹವನ್ನು ತನಗಿಂತ ಕಡಮೆ ಬಲ್ಲವರ ತೀರ್ಪಿಗೆ ಒಪ್ಪಿಸುವುದು ಅಂದಿಗೂ ಅಪರೂಪ, ಇಂದಿಗೂ ಅಪರೂಪ. ಪುಸ್ತಕವು ಕೇಂಬ್ರಿಜ್ಜಿನಲ್ಲಿಯೂ ಪಠ್ಯವಾಗಿ ಬಳಕೆಗೆ ಬಂದಿತು.

ಬೂಲನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಗ್ರಂಥವನ್ನು ತಿದ್ದಿ ವಿಸ್ತರಿಸುವ ಕಾರ್ಯದಲ್ಲಿ ತೊಡಗಿದನು. 1864ರ ನವೆಂಬರ್ ತಿಂಗಳ ಒಂದು ದಿನ, ಮನೆಯಿಂದ ಕಾಲೇಜಿಗೆ ಸುಮಾರು ಮೂರು ಮೈಲಿ ದೂರವನ್ನು ಜಡಿಮಳೆಯಲ್ಲಿ ನಡೆದುಹೋಗಿ, ತೊಯ್ದ ಬಟ್ಟೆಯಲ್ಲಿಯೇ ಪಾಠ ಹೇಳಿದನು. ಜ್ವರವು ಶ್ವಾಸಕೋಶಕ್ಕಿಳಿದು, ಡಿಸೆಂಬರ್ 8ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಪತ್ನಿಯನ್ನೂ ಐವರು ಹೆಣ್ಣುಮಕ್ಕಳನ್ನೂ ಬಿಟ್ಟು ತೀರಿಕೊಂಡನು. ಮೇಜಿನ ಮೇಲೆ ಉಳಿದಿದ್ದ ಹಸ್ತಪ್ರತಿಗಳನ್ನು ಐಸಾಕ್ ಟಾಡ್‌ಹಂಟರ್ ಎಂಬ ಗಣಿತಜ್ಞನು ಜೋಡಿಸಿದನು. 1865ರಲ್ಲಿ ಅವಕಲ ಸಮೀಕರಣಗಳ ಗ್ರಂಥದ ಎರಡನೆಯ ಆವೃತ್ತಿಯೂ, ಅದಕ್ಕೆ ಪೂರಕವಾದ ಒಂದು ಸಂಪುಟವೂ ಪ್ರಕಟವಾದವು.