ರಾಷ್ಟ್ರಕವಿ ಕುವೆಂಪು ಮತ್ತು ವಿಶ್ವವಿದ್ಯಾನಿಲಯದಲ್ಲಿ ತಾಯ್ನುಡಿ

ಶ್ರೀ ಕುವೆಂಪುರವರನ್ನು ಶ್ರೀರಾಮಾಯಣದರ್ಶನದ ಕರ್ತೃಗಳೆಂದು ಅರಿಯದ ಕನ್ನಡಿಗರಿಲ್ಲ. ಉನ್ನತ ಶಿಕ್ಷಣದ ಬೋಧನಭಾಷೆಯ ವಿಷಯದಲ್ಲಿ ಆ ಮಹನೀಯರು ಕೈಗೊಂಡ ಕಾರ್ಯವೂ ಅಷ್ಟೇ ಸ್ಮರಣೀಯವಾದುದು.

1904ನೆಯ ಡಿಸೆಂಬರ್ 29ರಂದು ಜನಿಸಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಅವರು ವಿದ್ಯಾರ್ಜನೆಗಾಗಿ ಮೈಸೂರನ್ನು ಸೇರಿದರು. ಅಂದಿನ ಶಿಕ್ಷಣದ ಪ್ರಭಾವದಿಂದ ಅವರ ಕವಿತಾಶಕ್ತಿ ಮೊದಲು ಹರಿದದ್ದು ಇಂಗ್ಲಿಷಿನಲ್ಲಿ; 1922ರಲ್ಲಿ ಆ ಭಾಷೆಯ ಕವನಸಂಗ್ರಹವೊಂದು ಪ್ರಕಟವೂ ಆಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿಯೇ ಬರೆಯುವಂತೆ ನೀಡಿದ ಹಿತವಚನವು ತರುಣ ಕವಿಯ ಮಾರ್ಗವನ್ನೇ ತಿರುಗಿಸಿತು. ಪರಭಾಷೆಯಲ್ಲಿ ಪಾಂಡಿತ್ಯ ಪಡೆಯಬಹುದು, ಪ್ರತಿಭೆಯ ಬೇರು ಮಾತ್ರ ಸ್ವಭಾಷೆಯಲ್ಲಿದೆ ಎಂಬ ಸತ್ಯವು ಅವರಿಗೆ ಸ್ವಾನುಭವದಿಂದಲೇ ವೇದ್ಯವಾಯಿತು.

1929ರಲ್ಲಿ ಕನ್ನಡ ಎಂ.ಎ. ಪದವಿ ಪಡೆದು ಅಧ್ಯಾಪಕರಾದ ಅವರು, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆ ವಿಶ್ವವಿದ್ಯಾನಿಲಯದಲ್ಲಿಯೇ ಓದಿದ ಪದವೀಧರರೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು. ಕನ್ನಡವೂ ಬೋಧನಮಾಧ್ಯಮವಾಗಬೇಕೆಂದು ಅವರು ಶ್ರಮಿಸಿದರು. ಗ್ರಂಥಗಳಿಲ್ಲದೆ ಬೋಧನೆಯಿಲ್ಲ, ಬೋಧನೆಯಿಲ್ಲದೆ ಗ್ರಂಥಗಳಿಲ್ಲ ಎಂಬ ಆಕ್ಷೇಪದ ವರ್ತುಲವನ್ನು ಭೇದಿಸಲು, ಶಾಸ್ತ್ರವಿಷಯಗಳ ಪುಸ್ತಕಗಳನ್ನು ಕನ್ನಡದಲ್ಲಿ ರಚಿಸುವ ಕಾರ್ಯವನ್ನು ಪ್ರೋತ್ಸಾಹಿಸಿದರು. ಅವರು ಇಂಗ್ಲಿಷಿನ ದ್ವೇಷಿಗಳಾಗಿರಲಿಲ್ಲ. ಅದನ್ನು ಭಾಷೆಯಾಗಿ ಕಲಿಯುವುದು ಬೇರೆ, ಸಕಲ ವಿದ್ಯೆಗೂ ಅದನ್ನೇ ಬಾಗಿಲಾಗಿಸುವುದು ಬೇರೆ ಎಂಬುದು ಅವರ ವಿವೇಕವಾಗಿತ್ತು.

ಚಿಮ್ಮನಚೋಡದವರಾದ ನಮಗೆ ಈ ವಿವೇಕದ ಬೆಲೆ ಚೆನ್ನಾಗಿ ತಿಳಿಯಬೇಕು. ನಮ್ಮ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಮಾಧ್ಯಮವಾಗಿಸಿ, ಭಾಷಾಂತರ ವಿಭಾಗವನ್ನೇ ತೆರೆದು, ಆಧುನಿಕ ಶಾಸ್ತ್ರಗಳನ್ನು ದೇಶಭಾಷೆಯಲ್ಲಿ ಬೋಧಿಸಬಹುದೆಂದು ತೋರಿಸಿಕೊಟ್ಟಿತು. ಆದರೆ ಕಲಬುರಗಿ ಸೀಮೆಯ ಕನ್ನಡದ ಮಗುವಿಗೆ ಅದೂ ಮನೆಯ ಮಾತಾಗಿರಲಿಲ್ಲ. ಉರ್ದು ಹೋದ ಮೇಲೆ ಇಂಗ್ಲಿಷ್ ಬಂದಿತು. ಹೊಸಿಲು ಮಾತ್ರ ಎತ್ತರವಾಗಿಯೇ ಉಳಿಯಿತು. 1956ರಲ್ಲಿ ನಾಡು ಒಂದಾಯಿತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವೂ ಸ್ಥಾಪಿತವಾಯಿತು. ಆದರೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಜಾಣನೆನಿಸಿದ ಹಳ್ಳಿಯ ಬಾಲಕನು ವಿಜ್ಞಾನ ತರಗತಿಯನ್ನು ಸೇರಿದೊಡನೆ ಮೂಕನಾಗುವುದು ಇಂದಿಗೂ ತಪ್ಪಿಲ್ಲ. ಅವನಲ್ಲಿ ಕೊರತೆಯಿರುವುದು ಬುದ್ಧಿಗಲ್ಲ, ಭಾಷೆಗೆ.

1994ನೆಯ ನವೆಂಬರ್ 11ರಂದು ಕುವೆಂಪುರವರು ಕಾಲವಶರಾದರು. ಅವರು ತೊಡಗಿದ ಕಾರ್ಯವು ಕಲಾ ವಿಷಯಗಳಲ್ಲಿ ಬಹುಮಟ್ಟಿಗೆ ಫಲಿಸಿದರೂ ವೈದ್ಯ, ತಾಂತ್ರಿಕ ಶಾಸ್ತ್ರಗಳಲ್ಲಿ ಅಪೂರ್ಣವಾಗಿದೆ. ಶಿಕ್ಷಕರು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ತಿಳಿಸಿಕೊಡಲಿ. ಇಲ್ಲಿ ಕಲಿತು ವಿದ್ಯಾವಂತರಾದವರು ತಮ್ಮ ಶಾಸ್ತ್ರದ ಒಂದೊಂದು ಕಿರುಹೊತ್ತಗೆಯನ್ನಾದರೂ ಕನ್ನಡದಲ್ಲಿ ಬರೆಯಲಿ. ದಾನಿಗಳು ಅಂತಹ ಗ್ರಂಥಗಳಿಂದ ಶಾಲೆಯ ಪುಸ್ತಕಭಂಡಾರವನ್ನು ತುಂಬಲಿ. ಮಹಾಕವಿಗೆ ಸಲ್ಲಿಸಬಹುದಾದ ನಿಜವಾದ ಗೌರವವು ಇದೇ.